ಬೋರಲು ಮೊರದ ಗುಡ್ಡ

ಸಜ್ಜೆಹಟ್ಟಿಯಲ್ಲಿ ಬಸ್ಸು ಇಳಿದು ಪಡುವಣಕ್ಕೆ ಮುಖ ಮಾಡಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಗಾಳಿಯಂತ್ರಗಳೇ ಕಾಣುತ್ತವೆ. ಸಾಲುಗುಡ್ಡಗಳ ನೆತ್ತಿಯ ಮೇಲೆಲ್ಲ ಮೂರು ಮೂರು ರೆಕ್ಕೆಯ ಬಿಳಿ ಕಂಬಗಳು ನಿಂತು ಬೇಸರವಿಲ್ಲದೆ ತಿರುಗುತ್ತಿವೆ. ಆ ಸಾಲಿನ ನಡುವೆ ಒಂದು ಗುಡ್ಡ ಮಾತ್ರ ಬೋಳಾಗಿ ಉಳಿದಿದೆ. ಅದರ ನೆತ್ತಿಯಲ್ಲಿ ಕಣದಷ್ಟು ಅಗಲವಾದ ಚಪ್ಪಟೆ ಬಂಡೆ, ಬಂಡೆಯ ನಡುವೆ ಮಂಡಿಗಿಂತ ಕೆಳಗೇ ಇರುವ ಒಂದು ಕಲ್ಲು. ಅದು ಏನೆಂದು ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಮೂರು ಕಡೆ ಅಂಚು ಮಡಚಿ ಒಂದು ಕಡೆ ಬಾಯಿ ಬಿಟ್ಟ ಮೊರವನ್ನು ಯಾರೋ ಬೋರಲು ಹಾಕಿ ಎದ್ದುಹೋದಂತೆಯೇ ಇದೆ. ಕೈಯಾಡಿಸಿದರೆ ಹೆಣಿಗೆಯ ಗೆರೆಗಳೂ ಸಿಗುತ್ತವೆ. ಅವು ಕಲ್ಲಿನ ಪದರಗಳೆಂದು ಓದಿದವರು ಹೇಳುತ್ತಾರೆ. ಹೇಳಲಿ ಬಿಡಿ. ಅರವತ್ತು ವರ್ಷ ಬಿದಿರು ಸೀಳಿ ಮೊರ ಹೆಣೆದ ಮೇದರವನು ನಾನು. ನನ್ನ ಬೆರಳಿಗೆ ಗೊತ್ತಾಗುವುದೆಲ್ಲ ಅವರ ಪುಸ್ತಕಕ್ಕೂ ಗೊತ್ತಿರಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ಈ ಗುಡ್ಡ ಹತ್ತುವವರು ಬುಡದ ಹುಣಸೆಮರದ ಕೆಳಗೆ ಚಪ್ಪಲಿ ಬಿಟ್ಟು ಹತ್ತಬೇಕು. ಮೇಲೆ ದೇವರಿಲ್ಲ, ಗುಡಿಯಿಲ್ಲ, ಮಂಗಳಾರತಿ ತಟ್ಟೆಯಂತೂ ಇಲ್ಲವೇ ಇಲ್ಲ. ಆದರೂ ಬಿಡಬೇಕು. ಯಾಕೆಂದು ಕೇಳಿದರೆ ಈಗಿನವರು ‘ಮೊದಲಿಂದ ಹಂಗೇ’ ಎಂದು ಹೇಳಿ ಮೊಬೈಲು ನೋಡುತ್ತಾರೆ. ಗಾಳಿ ಅಳೆಯುವವರು ಕೆಲವು ವರ್ಷಗಳ ಕೆಳಗೆ ಇಲ್ಲಿಯೂ ಒಂದು ಕಂಬ ನೆಟ್ಟು, ತುದಿಗೆ ತಿರುಗುವ ಬಟ್ಟಲುಗಳನ್ನು ಕಟ್ಟಿ ಒಂದು ವರ್ಷ ಕಾದಿದ್ದರು. ಕಂಬ ಕೀಳಿಸಲು ಬಂದ ಇಂಜಿನಿಯರು ನನ್ನ ಜಗಲಿಯ ಮೇಲೆ ಕುಳಿತು ಚಹಾ ಕುಡಿಯುತ್ತ, “ಬೇರೆ ಗುಡ್ಡದಲ್ಲೆಲ್ಲ ಗಾಳಿ ಹಾದು ಹೋಗ್ತದೆ ಯಜಮಾನ್ರೇ, ಇಲ್ಲಿ ಮಾತ್ರ ಸುತ್ತುತ್ತೆ. ಏನೋ ಹುಡುಕೋರ ಥರ. ಇದಕ್ಕೆ ರೆಕ್ಕೆ ಕಟ್ಟಿ ಪ್ರಯೋಜನ ಇಲ್ಲ” ಎಂದ. ಪುಣ್ಯಾತ್ಮ, ಇಡೀ ಕಥೆಯನ್ನೇ ಹೇಳಿಬಿಟ್ಟಿದ್ದ, ಆದರೆ ಕಥೆ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಇನ್ನೊಂದು ಲೋಟ ಚಹಾ ಹಾಕಿಸಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಸಮಯಸಾಧಕರ ಬಾಯಿಗೆ ಸಿಕ್ಕಿ ಪಾಪ ಅದರ ಮರ್ಯಾದೆ ಹೋಗಿದೆ. ನಮ್ಮ ಊರಿನಲ್ಲಿ ಆ ಗಾದೆಗೆ ಇನ್ನೊಂದು ಅರ್ಧವಿತ್ತು: ‘ತೂರಿದ ಮೇಲೆ ಬೋರಲು ಹಾಕು.’ ಹಿಂದೆ, ಯಂತ್ರಗಳಿಲ್ಲದ ಕಾಲದಲ್ಲಿ, ಸುತ್ತಲ ಹಳ್ಳಿಯವರೆಲ್ಲ ಸಜ್ಜೆ, ನವಣೆಗಳನ್ನು ತುಳಿಸಿ ಈ ಗುಡ್ಡದ ಬಂಡೆಗೆ ಹೊತ್ತು ತಂದು ತೂರುತ್ತಿದ್ದರು. ಮೂರು ಕಾಲಿನ ಮೆಟ್ಟಿನ ಮೇಲೆ ನಿಂತು ಮೊರವನ್ನು ತಲೆಯೆತ್ತರಕ್ಕೆ ಹಿಡಿದು ಸಣ್ಣಗೆ ಸುರಿದರೆ ಕಾಳು ಕಾಲಬುಡಕ್ಕೆ ಬೀಳುತ್ತಿತ್ತು, ಹೊಟ್ಟು ಆಚೆ ಹಾರುತ್ತಿತ್ತು. ಆ ಕೆಲಸ ಮಾಡಿಕೊಡುತ್ತಿದ್ದವನು ಮೂಡಲಯ್ಯ, ಅಂದರೆ ಮೂಡಣ ದಿಕ್ಕಿನ ಗಾಳಿ. ದೀಪಾವಳಿ ಕಳೆದ ಮೇಲೆ ಬಂದು ಯುಗಾದಿಯವರೆಗೆ ಇರುತ್ತಿದ್ದ. ಮಳೆ ತರುವವಳು ಪಡುವಲವ್ವ. ಅವರಿಬ್ಬರೂ ಅಣ್ಣತಂಗಿಯರು, ಯಾವ ಕಾಲದಲ್ಲೋ ಜಗಳವಾಡಿದವರು, ಒಬ್ಬರಿದ್ದ ಕಣಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ ಎನ್ನುತ್ತಾರೆ. ಅದಕ್ಕೇ ಯುಗಾದಿಯ ದಿನ ಕೊನೆಯ ಮೊರವನ್ನು ಬಂಡೆಯ ಮೇಲೆ ಬೋರಲು ಹಾಕಬೇಕು. ಮೊರ ಅಂಗಾತ ಇದ್ದರೆ ತೂರುವುದು ಇನ್ನೂ ಇದೆ ಎಂದು ಗಾಳಿಗೆ ಅರ್ಥ. ಬೋರಲಾದರೆ ಕೆಲಸ ಮುಗಿಯಿತು, ಹೋಗಿ ಬಾ ಎಂದು ಅರ್ಥ. ತೂರಿದ ಕೈಯೇ ಬೋರಲು ಹಾಕಬೇಕು, ಬೇರೆಯವರು ಮುಟ್ಟಕೂಡದು. ಇಷ್ಟೇ ಶಾಸ್ತ್ರ.

ಹಿಂದೆ ಒಮ್ಮೆ, ಎಷ್ಟು ತಲೆಮಾರಿನ ಹಿಂದೆಯೆಂದು ಲೆಕ್ಕ ಇಟ್ಟವರಿಲ್ಲ, ಸೂರಕ್ಕ ಎಂಬ ಮೇದರ ಹೆಂಗಸು ಗಂಡನ ಜೊತೆ ಕತ್ತೆಯ ಮೇಲೆ ಮೊರ, ಕುಕ್ಕೆಗಳನ್ನು ಹೇರಿಕೊಂಡು ಈ ಊರಿಗೆ ಬಂದಳು. ಮಾರಿಕೊಂಡು ಮುಂದಿನ ಊರಿಗೆ ಹೋಗುವುದು ಅವರ ಎಣಿಕೆ. ಗಂಡ ಚೌಡಣ್ಣ ಮೂರೇ ದಿನದ ಜ್ವರಕ್ಕೆ ಹುಣಸೆಮರದ ಕೆಳಗೆ ತೀರಿಕೊಂಡ. ಮಕ್ಕಳಿರಲಿಲ್ಲ. ಅವನ ಕೆಂಪು ರುಮಾಲಿನಿಂದ ಅಂಗೈಯಗಲದ ಒಂದು ಚೂರನ್ನು ಹರಿದು ಸೆರಗಿನ ಗಂಟಿಗೆ ಕಟ್ಟಿಕೊಂಡು ಸೂರಕ್ಕ ಅಲ್ಲೇ ಕುಳಿತುಬಿಟ್ಟಳು. ಗುಡ್ಡದ ಕಣದ ಒಡತಿ ಪಾಲಜ್ಜಿ ಎಂಬ ಮುದುಕಿ. ಬಾಯಿ ಜೋರು, ಕೈ ದೊಡ್ಡದು. ಅವಳು ಬಂದು ನೋಡಿ, “ಎಷ್ಟು ದಿನ ಮಣ್ಣು ನೋಡ್ಕಂತ ಕುಂತಿರ್ತೀಯೇ? ಮೊರ ಹೆಣೆಯೋಳಿಗೆ ತೂರಕ್ಕೆ ಬರಲ್ವಾ? ಏಳು ಮ್ಯಾಕೆ” ಎಂದು ರಟ್ಟೆ ಹಿಡಿದು ಎಬ್ಬಿಸಿ ಗುಡ್ಡಕ್ಕೆ ಕರೆದುಕೊಂಡು ಹೋದಳು. ಬಂಡೆಯ ಪಕ್ಕದಲ್ಲೇ ಒಂದು ಗುಡಿಸಲು ಹಾಕಿಸಿಕೊಟ್ಟಳು. ಅಂದಿನಿಂದ ಸೂರಕ್ಕ ಊರಿನ ತೂರುಗಾತಿಯಾದಳು.

ಸೂರಕ್ಕ ಮಾತಿನ ಮಲ್ಲಿ. ಗಂಡ ಸತ್ತ ಮೇಲೆ ಕೇಳುವವರಿಲ್ಲದೆ ಆ ಮಾತೆಲ್ಲ ಗಾಳಿಯ ಪಾಲಾಯಿತು. ಮೆಟ್ಟು ಹತ್ತಿ ನಿಂತರೆ ಸಾಕು, “ಏನಪ್ಪಾ ಮೂಡಲಯ್ಯ, ರಾತ್ರಿ ಯಾರ ಮನೇಲಿ ಬಿದ್ಕಂಡಿದ್ದೆ? ಸೂರ್ಯ ಮಾರುದ್ದ ಬಂದ ಮೇಲೆ ಬತ್ತಾ ಇದೀಯ!” ಎಂದು ಶುರು. ಗಾಳಿ ಉತ್ತರ ಕೊಡುತ್ತಿರಲಿಲ್ಲ. ಎಲ್ಲಿಂದ ಕೊಟ್ಟೀತು? ನಾವು ಆಡುವ ಮಾತೆಂದರೇನು? ಗಾಳಿಯನ್ನೇ ಒಳಗೆಳೆದುಕೊಂಡು ಗಂಟಲಲ್ಲಿ ತಿರುಚಿ ಹೊರಗೆ ಬಿಡುವುದು. ತನ್ನದೇ ಮೈಯ ಚೂರೊಂದು ಯಾರದೋ ಬಾಯಿಂದ ಹೊರಬಂದರೆ ಗಾಳಿಗೆ ಅದರಲ್ಲಿ ಹೊಸದೇನು ಕೇಳಿಸೀತು? ಊರಿನವರು ಗಾಳಿ ನಿಂತಾಗ ಸಿಳ್ಳೆ ಹಾಕುತ್ತಿದ್ದರು, ಕೂಗುತ್ತಿದ್ದರು, ಸಿಟ್ಟು ಬಂದರೆ ಬೈಯುತ್ತಿದ್ದರು. ಯಾವುದೂ ಅದಕ್ಕೆ ತಲುಪುತ್ತಿರಲಿಲ್ಲ. ಅದು ತನ್ನ ಪಾಡಿಗೆ ಬರುತ್ತಿತ್ತು, ತನ್ನ ಪಾಡಿಗೆ ಹೋಗುತ್ತಿತ್ತು. ಗಾಳಿಗೆ ತಿಳಿಯುವ ಭಾಷೆ ಬೇರೆ ಇದೆಯೆಂದು ಮೊದಲು ಕಂಡುಕೊಂಡವಳು ಸೂರಕ್ಕ, ಅದೂ ಕೈ ತಪ್ಪಿ.

ಒಂದು ಮಾಘದ ಇಳಿಹೊತ್ತಿನಲ್ಲಿ ಅವಳು ನವಣೆ ತೂರುತ್ತಿದ್ದಾಗ ಸೆರಗಿನ ಗಂಟು ಸಡಿಲವಾಗಿ ಆ ಕೆಂಪು ಚೂರು ಮೊರದೊಳಗೆ ಬಿದ್ದು ಕಾಳಿನ ಜೊತೆ ಸುರಿದುಹೋಯಿತು. ಹೊಟ್ಟಿಗಿಂತ ಹಗುರವಾದ ಹಳೆಯ ಬಟ್ಟೆ. ಗಾಳಿ ಜೋರಾಗಿತ್ತು. ಗುಡ್ಡದಾಚೆಯ ಕಮರಿಗೆ ಹೋಗಿಬಿಟ್ಟಿತೆಂದೇ ಸೂರಕ್ಕ ಕಿರುಚಿಕೊಂಡಳು. ಆದರೆ ಬಟ್ಟೆ ಕಮರಿಗೆ ಹೋಗಲಿಲ್ಲ. ಹೊಟ್ಟೆಲ್ಲ ಹಾರಿಹೋಗುತ್ತಿದ್ದಂತೆ ಅದೊಂದು ಮಾತ್ರ ಅವಳ ಸುತ್ತ ಮೂರು ಸುತ್ತು ತಿರುಗಿ, ಮೆಟ್ಟಿನ ಮೇಲಿದ್ದ ಅವಳ ಬರಿಪಾದದ ಮೇಲೆ ಮೆಲ್ಲಗೆ ಬಂದು ಕುಳಿತಿತು. ಅವಳಿಗೆ ನಂಬಿಕೆ ಬರಲಿಲ್ಲ. ಎತ್ತಿಕೊಂಡು, ಎದೆ ಗಟ್ಟಿ ಮಾಡಿಕೊಂಡು, ಬೇಕೆಂದೇ ಮತ್ತೆ ಕೈಬಿಟ್ಟಳು. ಮತ್ತೆ ಮೂರು ಸುತ್ತು, ಮತ್ತೆ ಪಾದ. “ಅಯ್ಯೋ ನಿನ ಮನೆ ಕಾಯ್ವಾಗ! ಇದು ಹೊಟ್ಟಲ್ಲ ಅಂತ ನಿಂಗೆಂಗೆ ಗೊತ್ತಾಯ್ತೋ?” ಎಂದು ಕೇಳಿ ಅವಳು ಮೆಟ್ಟಿನ ಮೇಲೇ ಕುಳಿತು ಅತ್ತಳು. ಗಂಡ ಸತ್ತ ದಿನ ಅಳದವಳು ಅಂದು ಅತ್ತಳು ಎನ್ನುತ್ತಾರೆ.

ಆಮೇಲೆ ಅವಳಿಗೆ ಒಂದೊಂದಾಗಿ ತಿಳಿಯುತ್ತ ಬಂತು. ನಾವು ಹಿಡಿದುಕೊಂಡದ್ದು ಗಾಳಿಯ ಕಣ್ಣಿಗೆ ಕಾಣುವುದಿಲ್ಲ, ಬಿಟ್ಟದ್ದು ಮಾತ್ರ ಕಾಣುತ್ತದೆ. ಬಿಟ್ಟದ್ದನ್ನು ಅದು ಎಲ್ಲಿ ಇಡುತ್ತದೋ ಅದೇ ಅದರ ಉತ್ತರ. ಅವಳು ಒಂದು ಹಿಡಿ ಹೊಟ್ಟನ್ನು ಬಿಟ್ಟರೆ ಮೂಡಲಯ್ಯ ಅದನ್ನು ಬಂಡೆಯ ಮೇಲೆ ಗೆರೆ ಎಳೆದು ಇಡುತ್ತಿದ್ದ. ಗೆರೆ ಉದ್ದವಾದರೆ ನಾಳೆ ಬೇಗ ಬರುತ್ತೇನೆಂದು, ಗುಪ್ಪೆಯಾದರೆ ತಡವೆಂದು ಅವಳು ಓದಿಕೊಳ್ಳುತ್ತಿದ್ದಳು. ಅವನು ತಾನಾಗಿಯೇ ತರತೊಡಗಿದ: ಬೂರುಗದ ಹತ್ತಿ, ನವಿಲಿನ ತುಪ್ಪುಳ, ಈ ಸೀಮೆಯವರು ಕಂಡೇ ಇರದ ಯಾವುದೋ ಮರದ ಉದ್ದ ಎಲೆ. ಒಂದು ಬೆಳಿಗ್ಗೆ ಅವಳ ತುಟಿಗೆ ಉಪ್ಪು ಹತ್ತಿತು. ಮೂಡಣದ ಸಮುದ್ರದ್ದು. ಸಮುದ್ರವನ್ನು ಕಾಣದ ಸೂರಕ್ಕ ನಾಲಗೆಯಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಅವನಿಗೂ ಅವಳ ಲೋಕದ ಬಗ್ಗೆ ಕುತೂಹಲವಿತ್ತು. ಗೋಡೆ, ಬಾಗಿಲು, ದೀಪ, ಒಂದೇ ಕಡೆ ಇರುವುದು, ಇವೊಂದೂ ಅವನಿಗೆ ಗೊತ್ತಿರಲಿಲ್ಲ. ಮುಚ್ಚಂಜೆಯಲ್ಲಿ ಅವಳು ದೀಪ ಹಚ್ಚುತ್ತಿದ್ದಂತೆ ನೋಡಲೆಂದು ಒಳಗೆ ಬರುತ್ತಿದ್ದ. ದೀಪ ಆರಿಹೋಗುತ್ತಿತ್ತು. ನಾಚಿಕೊಂಡವನಂತೆ ಹೊರಗೆ ಓಡುತ್ತಿದ್ದ. ಮೂರು ಸಂಜೆ ಹೀಗಾದ ಮೇಲೆ ಸೂರಕ್ಕ ಬಿದಿರನ್ನು ಕೂದಲೆಳೆಯಷ್ಟು ಸೀಳಿ, ಕಾಳು ನಿಲ್ಲದ, ಯಾವ ಕೆಲಸಕ್ಕೂ ಬಾರದ ಕಿಂಡಿ ಹೆಣಿಗೆಯ ಒಂದು ಮೊರ ಹೆಣೆದು ದೀಪದ ಮುಂದೆ ಇಟ್ಟಳು. ಅದರ ಕಿಂಡಿಗಳಲ್ಲಿ ತೂರಿ ಬರಲು ಅವನು ಮೈ ಸಣ್ಣ ಮಾಡಿಕೊಳ್ಳಬೇಕಾಯಿತು. ನಿಧಾನವಾಗಿ ಕಲಿತ. ಕೊನೆಗೊಂದು ಸಂಜೆ ದೀಪ ಆರಲಿಲ್ಲ. ಕುಡಿ ಅವಳ ಕಡೆಗೆ ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು. ನಮ್ಮ ಮೇದರಲ್ಲಿ ಆ ಹೆಣಿಗೆಯನ್ನು ಈಗಲೂ ಸೂರಕ್ಕನ ಕಿಂಡಿ ಎನ್ನುತ್ತೇವೆ.

ಊರು ಸುಮ್ಮನಿರುತ್ತದೆಯೇ? “ಅವಳಿಗೆ ಗಾಳಿ ಸೋಕೈತೆ” ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಪಾಲಜ್ಜಿ, “ಸೋಕಿದ್ರೆ ನಿಮಗೇನ್ರೇ ನೋವು? ನಿಮ್ಮ ಗಂಡಂದ್ರು ಮಾತಾಡ್ಸಿದ್ದಕ್ಕಿಂತ ಅದೇ ಚೆಂದಾಗಿ ಮಾತಾಡ್ಸತೈತೆ” ಎಂದು ಬಾಯಿ ಮುಚ್ಚಿಸಿದಳು. ಆದರೆ ಯುಗಾದಿ ಬಂದೇ ಬರುತ್ತಿತ್ತು. ಸೂರಕ್ಕ ಮೊರವನ್ನು ಬೋರಲು ಹಾಕುತ್ತಿದ್ದಳು, ಮೂಡಲಯ್ಯ ಹೋಗುತ್ತಿದ್ದ. ಎರಡು ಮೂರು ವಾರ ಗಾಳಿಯೇ ಇಲ್ಲದ ಬೇಗೆ. ಆಗ ಅವಳು ಒಮ್ಮೊಮ್ಮೆ ಕೆಂಪು ಚೂರನ್ನು ಕೈಬಿಟ್ಟು ನೋಡುತ್ತಿದ್ದಳು. ಅದು ನೆಟ್ಟಗೆ ನೆಲಕ್ಕೆ ಬೀಳುತ್ತಿತ್ತು. ಆಮೇಲೆ ಪಡುವಲವ್ವ ಮೋಡ ಹೊತ್ತು ಗದ್ದಲ ಮಾಡಿಕೊಂಡು ಬರುತ್ತಿದ್ದಳು. ಅವಳ ಮುಂದೆ ಸೂರಕ್ಕ ಆ ಗಂಟನ್ನು ಬಿಚ್ಚುತ್ತಿರಲಿಲ್ಲ. ಊರೆಲ್ಲ ಮಳೆಗೆ ಹಿಗ್ಗುತ್ತಿದ್ದರೆ ಅವಳೊಬ್ಬಳು ಗುಡಿಸಲ ಬಾಗಿಲಲ್ಲಿ ಮೂಡಲಿಗೆ ಮುಖ ಮಾಡಿ ಬಿದಿರು ಸೀಳುತ್ತಿದ್ದಳು. ಏಳು ತಿಂಗಳು. ವರ್ಷ ವರ್ಷವೂ ಏಳು ತಿಂಗಳು. ಮೊದಲ ವರ್ಷ ತಡೆದುಕೊಂಡಳು, ಎರಡನೆಯ ವರ್ಷ ಸೊರಗಿದಳು, ಮೂರನೆಯ ಯುಗಾದಿಗೆ ಅವಳಿಂದ ಆಗಲಿಲ್ಲ. ಗಂಡನನ್ನು ಕಳಿಸಿಕೊಟ್ಟ ಕೈ ಇನ್ನೆಷ್ಟು ಸಲ ಕಳಿಸಿಕೊಡಬೇಕು?

ಆ ಯುಗಾದಿಯಂದು ಎಲ್ಲರೂ ಕಾಳು ಹೊತ್ತು ಇಳಿದ ಮೇಲೆ ಸೂರಕ್ಕ ಒಂದು ಹಿಡಿ ನವಣೆಯನ್ನು ಮೊರದಲ್ಲಿ ಹಾಕಿ, ಮೊರವನ್ನು ಬಂಡೆಯ ಮೇಲೆ ಅಂಗಾತವೇ ಇಟ್ಟಳು. ತೂರುವುದು ಇನ್ನೂ ಇದೆ ಎಂದು ಅದರ ಅರ್ಥ. ಅದು ಸುಳ್ಳು. ಮನುಷ್ಯರ ನಡುವೆ ಇಂಥ ಸುಳ್ಳು ದಿನಕ್ಕೆ ಹತ್ತಾಗುತ್ತವೆ, ಯಾರೂ ಸಾಯುವುದಿಲ್ಲ. ಆದರೆ ಗಾಳಿಗೆ ಸುಳ್ಳೆಂಬುದೇ ಗೊತ್ತಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಅಷ್ಟೇ ಅಷ್ಟು ಭಾಷೆ, ಆ ಭಾಷೆಯಲ್ಲಿ ಹೇಳಿದ್ದನ್ನು ಮೂಡಲಯ್ಯ ಹೇಳಿದ ಹಾಗೆಯೇ ನಂಬಿದ. ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದು ನಿಂತ. ಅದರ ಮರುದಿನವೂ ಬಂದ. ಸೂರಕ್ಕನ ಸಂತೋಷಕ್ಕೆ ಮಿತಿಯಿಲ್ಲ. ಚೈತ್ರ ಕಳೆಯಿತು, ಅವನು ಇದ್ದ. ವೈಶಾಖ ಬಂತು, ಇದ್ದ. ಅವಳು ದಿನವೂ ಮೊರದಲ್ಲಿ ಒಂದು ಹಿಡಿ ಕಾಳು ಮಾತ್ರ ಉಳಿಸಿ ಇಡುತ್ತಿದ್ದಳು.

ಭರಣಿ ಮಳೆಯ ದಿನಗಳು ಬಂದವು, ಮಳೆ ಬರಲಿಲ್ಲ. ಕೃತ್ತಿಕೆಯೂ ಒಣಗಿಯೇ ಹೋಯಿತು. ಪಡುವಣದ ಸಾಲುಗುಡ್ಡದವರೆಗೆ ಮೋಡಗಳು ಬಂದು, ಹೊಸ್ತಿಲಲ್ಲಿ ನಿಂತ ನೆಂಟರಂತೆ ಅಲ್ಲೇ ನಿಂತವು. ಪಡುವಲವ್ವ ಅಣ್ಣನಿದ್ದ ಕಣಕ್ಕೆ ಬರಲಾರಳು. ಬಿತ್ತನೆಯ ಬೀಜ ಕುಕ್ಕೆಯಲ್ಲೇ ಉಳಿಯಿತು. ಬಾವಿಗೆ ಇಳಿಸುವ ಹಗ್ಗಕ್ಕೆ ಮತ್ತೊಂದು ಹಗ್ಗ ಗಂಟು ಹಾಕಿದರು. ರೋಹಿಣಿ ಹುಟ್ಟಿದ ದಿನ ಮಧ್ಯಾಹ್ನ, ಕಾಲು ಸುಡುವ ಬಿಸಿಲಿನಲ್ಲಿ, ಪಾಲಜ್ಜಿ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಳು. ಸೂರಕ್ಕ ಗುಡಿಸಲಲ್ಲಿ ಬಿದಿರು ಸೀಳುತ್ತಿದ್ದಳು. ಮುದುಕಿ ನೆಟ್ಟಗೆ ಬಂಡೆಗೆ ಹೋದಳು. ಅಂಗಾತ ಇದ್ದ ಮೊರವನ್ನು ನೋಡಿದಳು, ಅದರಲ್ಲಿದ್ದ ಒಂದು ಹಿಡಿ ಕಾಳನ್ನು ನೋಡಿದಳು, ಅಲ್ಲೇ ಕುಸಿದು ಕುಳಿತಳು.

“ಥೂ ನಿನ್ನ!” ಎಂದಳು. ಸೂರಕ್ಕ ಓಡಿಬಂದು ಮೊರಕ್ಕೂ ಮುದುಕಿಗೂ ನಡುವೆ ನಿಂತಳು. “ಅಜ್ಜೀ, ನೀನದನ್ನ ಮುಟ್ಟಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ.” ಪಾಲಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, “ನಾನ್ಯಾಕೆ ಮುಟ್ಟಲವ್ವ? ನಾನು ಬೋರಲು ಹಾಕಿದ್ರೆ ಅದು ಅಟ್ಟಿದಂಗೆ. ನೀನು ಹಾಕಿದ್ರೆ ಕಳಿಸಿಕೊಟ್ಟಂಗೆ. ಅಟ್ಟಿಸಿಕೊಂಡೋನು ಮತ್ತೆ ಬತ್ತಾನಾ?” ಎಂದಳು. ಮತ್ತೆ ಹೇಳಿದಳು: “ಊರಿನ ಮಾತು ಹಂಗಿರಲಿ. ನಮಗೆ ಇಲ್ಲೊಂದು ಹಿಡಿ, ಅಲ್ಲೊಂದು ಹಿಡಿ ಸಿಗತೈತೆ, ಇವತ್ತಲ್ಲ ನಾಳೆ ಇನ್ನೊಂದು ಊರಿಗೆ ಹೊಂಟೋಗ್ತೀವಿ. ಆ ಮೂಡಲಯ್ಯನ್ನ ನೋಡಿದೀಯಾ ನೀನು? ಕಣ್ಣು ಬಿಟ್ಟು ನೋಡಿದೀಯಾ? ಒಂದು ಹಿಡಿ ಹೊಟ್ಟು ಬಿಡು ನೋಡಾನ.”

ಸೂರಕ್ಕ ಮೆಟ್ಟು ಹತ್ತಿ ಒಂದು ಹಿಡಿ ಹೊಟ್ಟನ್ನು ಬಿಟ್ಟಳು. ಮಾರು ದೂರ ಹಾರಬೇಕಾದ ಹೊಟ್ಟು ಮೊಳ ದೂರವೂ ಹೋಗದೆ ಅಲ್ಲಲ್ಲೇ ಉದುರಿತು. ನಿಜ ಹೇಳಬೇಕೆಂದರೆ ಅವಳಿಗೆ ಅದು ಮೊದಲೇ ಗೊತ್ತಿತ್ತು. ಹದಿನೈದು ದಿನದಿಂದ ಅವನು ಏನನ್ನೂ ತಂದಿರಲಿಲ್ಲ, ಎಲೆಯಿಲ್ಲ, ತುಪ್ಪುಳವಿಲ್ಲ, ಉಪ್ಪಂತೂ ಇಲ್ಲ. ಸಮುದ್ರಕ್ಕೆ ಹೋಗಿಬರಬೇಕಾದವನು ಒಂದು ಹಿಡಿ ನವಣೆಯ ಕಾವಲಿಗೆ ನಿಂತಿದ್ದ. ಸಂಜೆ ದೀಪದ ಹತ್ತಿರ ಬಂದರೆ ಕಿಂಡಿ ಹೆಣಿಗೆಯ ಮೊರವೇ ಬೇಕಿರಲಿಲ್ಲ, ಕುಡಿಯನ್ನು ಬಾಗಿಸುವಷ್ಟು ಕಸುವೂ ಅವನಲ್ಲಿರಲಿಲ್ಲ. ನಡೆಯುವುದೇ ಗಾಳಿಯ ಜೀವ. ನಿಲ್ಲಿಸಿದರೆ ಅದು ಬರೀ ಧೂಳು, ಬರೀ ಬಿಸಿ. ಅವನಿಗೆ ಹೋಗಬಾರದೆಂದಿರಲಿಲ್ಲ. ಮೊರ ಅಂಗಾತ ಇತ್ತು, ಅವಳ ಮಾತನ್ನು ಅವನು ಮೀರಲಿಲ್ಲ, ಅಷ್ಟೇ. “ನನ್ನ ಕಣ್ಣಿಗೆ ಮಣ್ಣು ಬೀಳ” ಎಂದು ಸೂರಕ್ಕ ತಲೆ ಚಚ್ಚಿಕೊಂಡಳು. ಪಾಲಜ್ಜಿ ಅವಳ ತಲೆಯನ್ನು ಹಿಡಿದು ತೊಡೆಯ ಮೇಲೆ ಹಾಕಿಕೊಂಡು, “ನಂಗೆ ಗೊತ್ತಿಲ್ವೇನೇ ನಿನ್ನ ಸಂಕಟ” ಎಂದಳು.

ಬಿಸಿಲು ಇಳಿಯುತ್ತಿದ್ದಂತೆ ಸೂರಕ್ಕ ಎದ್ದಳು. ಆದರೆ ಅವಳಿಗೆ ಇನ್ನೊಂದು ಕಷ್ಟವಿತ್ತು. ಮೊರ ಬೋರಲು ಹಾಕುವುದು ಊರಿನ ಎಲ್ಲ ತೂರುಗಾರರೂ ಮಾಡುತ್ತಿದ್ದ ಕೆಲಸ. ಅದರ ಅರ್ಥ ‘ಹೋಗಿ ಬಾ’ ಎಂದಷ್ಟೇ. ಇಷ್ಟು ದಿನ ಸುಳ್ಳಿಗೆ ಕಾದು ಸೊರಗಿದವನು ಇನ್ನೊಂದು ಸಲ ಅವಳ ಮೊರವನ್ನು ನಂಬಿ ಬರುತ್ತಾನೆಂದು ಏನು ಭರವಸೆ? ನೀನು ಬೇಡವಾಗಿ ಕಳಿಸುತ್ತಿಲ್ಲ, ನನಗೆ ನೀನು ಬೇಕು, ಮತ್ತೆ ಬಾ ಎಂದು ಹೇಗೆ ಹೇಳುವುದು? ಬಿಡುವುದೊಂದೇ ಗೊತ್ತಿರುವ ಭಾಷೆಯಲ್ಲಿ ‘ಬಾ’ ಎಂಬುದಕ್ಕೆ ಮಾತೆಲ್ಲಿದೆ? ಅವಳು ಬಂಡೆಯ ಮೇಲೆ ನಿಂತು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಬಗ್ಗಿ ಮೊರದಲ್ಲಿದ್ದ ನವಣೆಯನ್ನು ಹಕ್ಕಿಗಳಿಗೆ ಚೆಲ್ಲಿ, ಮೊರವನ್ನು ಬೋರಲು ಹಾಕಿದಳು. ಸೆರಗಿನ ಗಂಟು ಬಿಚ್ಚಿ ಕೆಂಪು ಚೂರನ್ನು ಕೈಬಿಟ್ಟಳು.

ಮೂಡಲಯ್ಯ ಇದ್ದಬದ್ದ ಕಸುವನ್ನೆಲ್ಲ ಕೂಡಿಸಿಕೊಂಡು ಅದನ್ನು ಮೂರು ಸುತ್ತು ತಿರುಗಿಸಿ ಅವಳ ಪಾದದ ಮೇಲೆ ಇಟ್ಟ. ಅವಳು ಎತ್ತಿ ಮತ್ತೆ ಬಿಟ್ಟಳು. ಮತ್ತೆ ತಂದಿಟ್ಟ. ಮೂರನೆಯ ಸಲ ಬಿಟ್ಟವಳು, ಬಟ್ಟೆ ಇನ್ನೂ ಗಾಳಿಯಲ್ಲಿರುವಾಗಲೇ, ಮೊರದ ಪಕ್ಕದಲ್ಲಿ ಕುಳಿತು ಎರಡೂ ಪಾದಗಳನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡು ಮುಚ್ಚಿಬಿಟ್ಟಳು. ಬಟ್ಟೆ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಮೂರು ಸುತ್ತು ಬಂತು. ಇಡಲು ಪಾದವಿಲ್ಲ. ಅವಳ ಮಂಡಿಯ ಬಳಿ ಬಂತು, ನೆರಿಗೆಯ ಅಂಚನ್ನು ಮುಟ್ಟಿತು, ಮತ್ತೆ ಸುತ್ತಿತು. ಸೂರಕ್ಕ ತುಟಿ ಕಚ್ಚಿಕೊಂಡು ಕುಳಿತಿದ್ದಳು, ಒಂದು ಬೆರಳನ್ನೂ ಹೊರಗೆ ಚಾಚಲಿಲ್ಲ. ಕೊನೆಗೆ ಅವನು ಅದನ್ನು ಬೋರಲು ಮೊರದ ಬೆನ್ನಿನ ಮೇಲೆ ಇಟ್ಟು ಕಾದ. ಅವಳು ಎತ್ತಿಕೊಳ್ಳಲಿಲ್ಲ. ಆಗ ಅವನಿಗೆ ತಿಳಿಯಿತು. ಬಟ್ಟೆ ಎದ್ದಿತು. ಹುಣಸೆಮರದ ಮೇಲೆ ಹಾದು, ಮೂಡಲಿಗೆ, ಸಮುದ್ರವಿರುವ ಕಡೆಗೆ ಹೋಯಿತು. ಕಣ್ಣಿಗೆ ಕಾಣುವವರೆಗೂ ಕೆಂಪಗೆ ಕಾಣುತ್ತಿತ್ತು. “ಇನ್ನು ಬತ್ತಾನೆ ಬಿಡಜ್ಜಿ” ಎಂದಳು ಸೂರಕ್ಕ. “ಆ ಬಟ್ಟೇನ ನನ್ನ ಕಾಲ್ಮ್ಯಾಗೆ ಇಡಬೇಕು ಅಂತ ಅವಂಗೆ ಗೊತ್ತು. ಇಡದೆ ಇರಲ್ಲ ಅವನು.” ಅವರಿಬ್ಬರೂ ಗುಡಿಸಲು ಮುಟ್ಟುವ ಮೊದಲೇ ಪಡುವಣದಲ್ಲಿ ಗುಡುಗಿತು.

ದೀಪಾವಳಿ ಕಳೆದ ಎಂಟನೆಯ ದಿನ ಸೂರಕ್ಕ ಬಂಡೆಯ ಮೇಲೆ ಕಾಲು ಚಾಚಿಕೊಂಡು ಕುಳಿತಿದ್ದಳು. ಬಿಸಿಲಿಗೆ ಬಣ್ಣ ಮಾಸಿ, ಅಂಚಿನಲ್ಲಿ ಉಪ್ಪು ಕಟ್ಟಿದ ಆ ಚೂರು ಬಂದು ಅವಳ ಸುತ್ತ ಮೂರು ಸುತ್ತು ಹಾಕಿ ಪಾದದ ಮೇಲೆ ಕುಳಿತಿತು. ಅವಳು ಆ ಉಪ್ಪನ್ನು ನೆಕ್ಕಿ ನಕ್ಕಳು ಎನ್ನುತ್ತಾರೆ. ಅಂದಿನಿಂದ ವರ್ಷ ವರ್ಷವೂ ಹಾಗೆಯೇ ನಡೆಯಿತು. ಯುಗಾದಿಗೆ ಮೊರ ಬೋರಲು ಹಾಕಿ, ಬಟ್ಟೆ ಬಿಟ್ಟು, ಪಾದ ಮುಚ್ಚಿಕೊಂಡು ಕೂರುತ್ತಿದ್ದಳು. ಅವನು ಹೋಗುತ್ತಿದ್ದ. ದೀಪಾವಳಿ ಕಳೆದ ಮೇಲೆ ಪಾದ ಚಾಚಿ ಕೂರುತ್ತಿದ್ದಳು. ಅವನು ಬರುತ್ತಿದ್ದ. ನಡುವಿನ ಏಳು ತಿಂಗಳು ಏಳು ತಿಂಗಳೇ, ಒಂದು ದಿನವೂ ಕಡಿಮೆಯಾಗಲಿಲ್ಲ. ಆದರೆ ಅವಳು ಆಮೇಲೆ ಸೊರಗಲಿಲ್ಲ. ಪಾಲಜ್ಜಿ ಹೋದಳು, ಸೂರಕ್ಕನ ಕೂದಲು ಹಣ್ಣಾಯಿತು, ಮೆಟ್ಟು ಹತ್ತಲು ಬೇರೆಯವರು ಬಂದರು, ಯುಗಾದಿಯ ಕೊನೆಯ ಮೊರವನ್ನು ಮಾತ್ರ ಅವಳೇ ತೂರುತ್ತಿದ್ದಳು. ಒಂದು ಶ್ರಾವಣದಲ್ಲಿ, ಜಡಿಮಳೆ ಹಿಡಿದಿದ್ದಾಗ, ಮೂಡಲಯ್ಯ ಇಲ್ಲದ ಕಾಲದಲ್ಲಿ, ಅವಳು ತೀರಿಕೊಂಡಳು. ಊರಿನವರು ಅವಳನ್ನು ಹುಣಸೆಮರದ ಕೆಳಗೆ ಚೌಡಣ್ಣನ ಪಕ್ಕದಲ್ಲಿ ಮಣ್ಣು ಮಾಡಿದರು. ಯುಗಾದಿಯಂದು ಅವಳು ಬೋರಲು ಹಾಕಿದ್ದ ಮೊರವನ್ನು ಮುಟ್ಟಲು ಯಾರಿಗೂ ಹಕ್ಕಿರಲಿಲ್ಲ. ಅದು ಅಲ್ಲೇ ಉಳಿಯಿತು. ಉಳಿದು ಉಳಿದು ಕಲ್ಲಾಯಿತು ಎನ್ನುತ್ತಾರೆ, ಗುಡ್ಡಕ್ಕೆ ಅದರ ಹೆಸರೇ ನಿಂತಿತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಕೆಂಪು ಚೂರು ಬಂದದ್ದನ್ನು ಇಡೀ ಊರು ನೋಡಿತು. ಬಂಡೆಯ ಮೇಲೆ ಮೂರು ಸುತ್ತು ಹಾಕಿತು. ಇಡಲು ಪಾದವಿರಲಿಲ್ಲ. ಮತ್ತೆ ಸುತ್ತಿತು. ಸಂಜೆಯವರೆಗೆ ಸುತ್ತಿತು, ಮರುದಿನವೂ ಸುತ್ತಿತು. ತಡೆಯಲಾಗದೆ ಊರಿನವರು “ಸೂರಕ್ಕ ಹೋದಳು ಕಣಪ್ಪಾ” ಎಂದು ಕೂಗಿ ಹೇಳಿದರು. ಮಾತು ಅದಕ್ಕೆ ತಿಳಿಯುತ್ತದೆಯೇ? ಹೊಟ್ಟು ಬಿಟ್ಟರು, ಹೂ ಬಿಟ್ಟರು, ಅವಳ ಗುಡಿಸಲ ಹುಲ್ಲನ್ನೇ ಹಿಡಿ ಹಿಡಿಯಾಗಿ ಬಿಟ್ಟರು. ಅದು ಎಲ್ಲವನ್ನೂ ತೆಗೆದುಕೊಂಡು ಹೋಗಿ ಬೋರಲು ಮೊರದ ಸುತ್ತ ಇಟ್ಟಿತು, ಮತ್ತೆ ಪಾದ ಹುಡುಕಿತು. ಬಿಟ್ಟದ್ದು ಮಾತ್ರ ಕಾಣುವ ಕಣ್ಣು ಅದರದು. ಮಣ್ಣು ಹಿಡಿದಿಟ್ಟುಕೊಂಡದ್ದು ಅದಕ್ಕೆ ಹೇಗೆ ಕಂಡೀತು? ಅವಳು ಇಲ್ಲ ಎಂದು ಅದಕ್ಕೆ ಹೇಳುವ ದಾರಿ ಅಂದಿನವರಿಗೂ ಸಿಗಲಿಲ್ಲ, ಇಂದಿಗೂ ಯಾರಿಗೂ ಸಿಕ್ಕಿಲ್ಲ.

ಆದ್ದರಿಂದಲೇ ಚಪ್ಪಲಿ ಬಿಟ್ಟು ಹತ್ತಬೇಕು. ಮಾಘದಲ್ಲಿ ಬಂದು ಆ ಬಂಡೆಯ ಮೇಲೆ ನಿಂತವರಿಗೆ ನಾನು ಹೇಳಬೇಕಾಗಿಲ್ಲ, ಅವರೇ ಕಾಣುತ್ತಾರೆ. ಬೇರೆಡೆ ಗಾಳಿ ಮೊದಲು ಮುಖಕ್ಕೆ ಬಡಿಯುತ್ತದೆ. ಇಲ್ಲಿ ಮೊದಲು ಪಾದಕ್ಕೆ ಬರುತ್ತದೆ. ಮೂರು ಸುತ್ತು ಬರುತ್ತದೆ, ಬೆರಳುಗಳನ್ನು ಮುಟ್ಟಿ ನೋಡುತ್ತದೆ, ಆಮೇಲೆ ಬಿಟ್ಟು ಹೋಗುತ್ತದೆ. ಚಪ್ಪಲಿ ಮೆಟ್ಟಿ ನಿಂತರೆ ಅದಕ್ಕೆ ಅನುಮಾನ ಉಳಿಯುತ್ತದೆ, ಪಾಪ, ದಿನವಿಡೀ ಅಲ್ಲೇ ಸುತ್ತುತ್ತದೆ. ಆ ಸುಳಿಯೊಳಗೆ ಕೆಂಪು ಎಳೆಯೊಂದನ್ನು ಕಂಡೆವೆಂದು ಹೇಳುವವರಿದ್ದಾರೆ. ನನಗೆ ಕಂಡಿಲ್ಲ, ಇಲ್ಲದ್ದನ್ನು ಹೇಳಲಾರೆ. ಆ ಇಂಜಿನಿಯರು ನನ್ನ ಕಥೆ ಕೇಳಿ ಎದ್ದು ಹೋಗಿ ಬೂಟು, ಕಾಲುಚೀಲ ಕಳಚಿ ಅಲ್ಲಿ ನಿಂತಿದ್ದ. ಇಳಿದು ಬಂದವನು ಮನೆಗೊಂದು ಫೋನು ಮಾಡಿ ಆಮೇಲೆ ಜೀಪು ಹತ್ತಿದ.

ಹೋದ ಮಾಘದಲ್ಲಿ ನಾನೂ ಹತ್ತಿದ್ದೆ. ಈಗ ಮಂಡಿ ಕೇಳುವುದಿಲ್ಲ, ನಾಲ್ಕು ಕಡೆ ಕುಳಿತು ಎದ್ದು ಹತ್ತಬೇಕು. ಬಂಡೆಯ ಮೇಲೆ ನಿಂತೆ. ಬಂತು. ನನ್ನ ಒಡೆದ ಹಿಮ್ಮಡಿಯನ್ನು, ಉಳಿ ತಾಗಿ ಉಗುರು ಹೋದ ಹೆಬ್ಬೆರಳನ್ನು ಮುಟ್ಟಿ ನೋಡಿತು. “ನಾನಲ್ಲ ಕಣಯ್ಯಾ, ಅವಳು ಹೋಗಿ ಬಹಳ ಕಾಲವಾಯ್ತು” ಎಂದೆ. ಅದಕ್ಕೆ ಮಾತು ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಪ್ರತಿವರ್ಷ ಹೇಳಿಬಿಡುತ್ತೇನೆ. ತಿಳಿಯದಿರುವುದೇ ಒಳ್ಳೆಯದೇನೋ ಎಂದು ಇಳಿಯುವಾಗ ಅನ್ನಿಸುತ್ತದೆ. ಯಾಕೆಂದರೆ ಅವನಿಗೆ ಗೊತ್ತಿರುವುದು ಇಷ್ಟೇ: ಕಳಿಸಿಕೊಡುವಾಗ ಸೂರಕ್ಕ ಪಾದ ಮುಚ್ಚಿಕೊಂಡು ಕೂರುತ್ತಾಳೆ. ಇನ್ನೂ ಹಾಗೇ ಕುಳಿತಿದ್ದಾಳೆಂದು ಅವನು ತಿಳಿದಿದ್ದಾನೆ. ಇನ್ನೊಂದು ಸಲ ಸಮುದ್ರದವರೆಗೆ ಹೋಗಿ ಬಂದರೆ ಚಾಚುತ್ತಾಳೆ ಎಂದು ಹೋಗುತ್ತಾನೆ, ಬರುತ್ತಾನೆ.